ನೀರು ಕೇಳಲು ಕಲಿತ ಸಾಹೇಬರು

ಶಹಾಪುರ, ಸುರಪುರ ತಾಲ್ಲೂಕುಗಳ ಶಾಲೆಗಳಿಗೆ ಪಾಠಾಭ್ಯಾಸಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ಪಾಠಯೋಜನೆಯ ನಮೂನೆ ಹಂಚುವ ಮೊದಲು ನಾನು ಒಬ್ಬರ ಜೀವನವನ್ನು ಹೇಳುತ್ತೇನೆ. ಅವರು ಫಿಲಿಪ್ ಮೆಡೋಸ್ ಟೇಲರ್. ಈ ಭಾಗದವರಿಗೆ ಹೆಸರು ಹೊಸದಲ್ಲ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಹೆಸರು ಕೇಳದ ಮಕ್ಕಳು ಕಡಿಮೆ. ಬೋನಾಳ ಕೆರೆಗೆ ಹಕ್ಕಿ ನೋಡಲು ಪ್ರವಾಸ ಹೋದವರೂ ಅವರ ಹೆಸರು ಕೇಳಿರುತ್ತಾರೆ. ಆದರೆ ಆಡಳಿತಗಾರ, ಕಾದಂಬರಿಕಾರ, ಪ್ರಾಚ್ಯವಸ್ತು ಶೋಧಕ ಎಂದು ಮೂರು ತಲೆಬರಹ ಕೊಟ್ಟು ಮುಗಿಸುವ ಟೇಲರ್ ನನಗೆ ಬೇಕಾದವರಲ್ಲ. ನನಗೆ ಬೇಕಾದವನು ಹದಿನಾರನೆಯ ವಯಸ್ಸಿಗೆ ಗೊತ್ತಿಲ್ಲದ ಭಾಷೆಗಳ ನಡುವೆ ಬಂದು ಬಿದ್ದ ಒಬ್ಬ ಕಲಿಕಾರ್ಥಿ. ಕುಡಿಯಲು ನೀರು ಕೇಳುವುದರಿಂದ ಹಿಡಿದು ನ್ಯಾಯ ತೀರಿಸುವವರೆಗೆ ಅವನು ಎಲ್ಲವನ್ನೂ ಪರಭಾಷೆಯಲ್ಲೇ ಮಾಡಬೇಕಾಗಿತ್ತು.

ಹೀಗೆ ಹೇಳಲು ಕಾರಣವಿದೆ. ನಲಿಕಲಿ ತರಗತಿಗಳಿಗೆ ನಮ್ಮವರು ಬಹಳ ಇಷ್ಟಪಟ್ಟು ಆರಿಸಿಕೊಳ್ಳುವ ಕಲಿಕಾಂಶವೆಂದರೆ ತಿನ್ನುವ ಮತ್ತು ಕುಡಿಯುವ ವಸ್ತುಗಳ ಹೆಸರು. ಚಿತ್ರಪಟ್ಟಿ ಮಾಡುವುದು ಸುಲಭ. ನೀರು, ಹಾಲು, ಮಜ್ಜಿಗೆ, ಚಹಾ, ಎಳನೀರು, ಪಾನಕ: ಆರು ಪಟ್ಟಿ, ಆರು ಪದ. ಮಕ್ಕಳು ಗಟ್ಟಿಯಾಗಿ ಹೇಳುತ್ತಾರೆ, ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ಉತ್ತಮ ಎಂದು ಬರೆಯುತ್ತಾರೆ, ಗಂಟೆ ಹೊಡೆಯುತ್ತದೆ. ವನದುರ್ಗದ ಕಡೆ ಇಂಥದೇ ಒಂದು ಪಾಠ ನೋಡುತ್ತ ಹಿಂದಿನ ಸಾಲಿನಲ್ಲಿ ಕುಳಿತಿದ್ದಾಗ ನನ್ನ ಪಕ್ಕದಲ್ಲೊಬ್ಬಳು ತಾಂಡಾದ ಹುಡುಗಿ ಇದ್ದಳು. ನೀರು ಎಂಬ ಪಟ್ಟಿ ತೋರಿಸಿದಾಗ ಎಲ್ಲರಿಗಿಂತ ಜೋರಾಗಿ ಕೂಗಿದವಳು ಅವಳೇ. ಪಾಠ ಮುಗಿದ ಮೇಲೆ ಅವಳಿಗೆ ನಿಜವಾಗಿ ಬಾಯಾರಿತು. ಆಗ ಅವಳು ಮಾತನಾಡಲಿಲ್ಲ. ಹೆಬ್ಬೆರಳನ್ನು ಬಾಯಿಯ ಕಡೆ ತೋರಿಸಿ ಸುಮ್ಮನೆ ನಿಂತಳು. ಪದ ಅವಳಿಗೆ ಬರುತ್ತಿತ್ತು. ಮನೆಯಲ್ಲಿ ಪಾಣಿ ಎನ್ನುವುದನ್ನು ಇಲ್ಲಿ ನೀರು ಎನ್ನಬೇಕೆಂಬುದು ಅವಳಿಗೆ ಎಂದೋ ಗೊತ್ತಿತ್ತು. ಗೊತ್ತಿರದಿದ್ದದ್ದು ಆ ಪದದ ಮುಂದೆ ಏನು ಸೇರಿಸಿದರೆ ಅದು ಮೇಷ್ಟ್ರಿಗೆ ಹೇಳಬಹುದಾದ ಮಾತಾಗುತ್ತದೆ ಎಂಬುದು.

ಟೇಲರ್ ಅವರ ಜೀವನ ಈ ಜಾಗಕ್ಕೆ ನೇರವಾಗಿ ಬಂದು ಮುಟ್ಟುತ್ತದೆ.

ಅವನು ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್ ಬಂದರು ಪಟ್ಟಣದಲ್ಲಿ. (ಇತಿಹಾಸದ ಪುಸ್ತಕಗಳು ಅವರಿಗೆ ಏಕವಚನ ಹಾಕುತ್ತವೆ. ನಮ್ಮ ಕಡೆಯ ಹಿರಿಯರು ಟೇಲರ್ ಸಾಹೇಬ್ರು ಎನ್ನುತ್ತಾರೆ. ನಾನು ಹುಡುಗನಿಗೆ ಏಕವಚನ, ಮಾತು ಕಲಿತ ಮೇಲೆ ಬಹುವಚನ ಇಟ್ಟುಕೊಂಡಿದ್ದೇನೆ. ಈ ಲೇಖನದ ವಿಷಯವೇ ಅದಾದ್ದರಿಂದ ಓದುಗರು ಒಪ್ಪಬೇಕು.) ತಂದೆ ವ್ಯಾಪಾರಿ, ಮನೆಯ ಸ್ಥಿತಿ ಇಳಿಮುಖವಾಗಿತ್ತು. ಹುಡುಗನ ಓದು ನಡುವೆಯೇ ನಿಂತು, ಮೊದಲು ಊರಿನಲ್ಲೇ ವ್ಯಾಪಾರದ ಕಚೇರಿಯೊಂದರಲ್ಲಿ ಕೆಲಸಕ್ಕೆ ಕುಳಿತ. 1824ರಲ್ಲಿ, ಹದಿನೈದು ವರ್ಷ ತುಂಬಿದ್ದಾಗ, ಮುಂಬಯಿಯ ಬ್ಯಾಕ್ಸ್‌ಟರ್ ಎಂಬ ವರ್ತಕರ ಬಳಿ ಗುಮಾಸ್ತೆಯಾಗಿ ಸೇರಲು ಹಡಗು ಹತ್ತಿದ. ಮುಂದೆ ಪಾಲುದಾರನಾಗಬಹುದೆಂಬ ಆಸೆ ತೋರಿಸಿದ್ದರು. ಬಂದು ನೋಡಿದರೆ ಆ ದೊಡ್ಡ ಸಂಸ್ಥೆ ಸಾಲದಲ್ಲಿ ಮುಳುಗಿದ ಅಂಗಡಿ. ಮುಂಬಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನ್ಯೂನ್‌ಹ್ಯಾಮ್ ಎಂಬ ಬಂಧುವೊಬ್ಬರು ಮಧ್ಯೆ ಬಂದು, ಹುಡುಗನನ್ನು ಅಲ್ಲಿಂದ ಬಿಡಿಸಿ, ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಒಂದು ಜಾಗ ಕೊಡಿಸಿದರು. ಹದಿನಾರು ತುಂಬಿದ್ದ ಹುಡುಗ ಔರಂಗಾಬಾದಿಗೆ ಹೊರಟ.

ಇಲ್ಲಿ ನಮ್ಮ ವಿಷಯ ಶುರುವಾಗುತ್ತದೆ. ಆ ಕಾಲದಲ್ಲಿ ಇಂಡಿಯಾಕ್ಕೆ ಬರುತ್ತಿದ್ದ ಯುವ ಇಂಗ್ಲಿಷರಿಗೆ ಭಾಷೆ ಕಲಿಸಲು ಸಂಭಾಷಣೆಯ ಪುಸ್ತಕಗಳಿದ್ದವು. ಕಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಹಿಂದುಸ್ತಾನಿ ಕಲಿಸಿದ ಜಾನ್ ಗಿಲ್‌ಕ್ರಿಸ್ಟ್ ಇಂಥ ಪುಸ್ತಕಗಳಿಗೆ ಪ್ರಸಿದ್ಧರು. ಅವುಗಳಲ್ಲಿ ಆಳುಗಳೊಂದಿಗಿನ ಮಾತಿಗೆ ದೊಡ್ಡ ಪಾಲು. ನೀರು ತಾ, ಬಿಸಿನೀರು ತಾ, ಊಟ ತಾ, ಕುದುರೆ ತಾ. ಹೊಸದಾಗಿ ಬಂದ ಸಾಹೇಬನ ನಾಲಿಗೆಗೆ ಮೊದಲು ಹತ್ತುತ್ತಿದ್ದ ಹಿಂದುಸ್ತಾನಿ ಮಾತೆಂದರೆ ಬಹುತೇಕ ಪಾನಿ ಲಾವ್. ಕುಡಿಯಲು ತರಿಸಿಕೊಳ್ಳುವುದು ಅವರ ಮೊದಲ ಪಾಠ, ಎಷ್ಟೋ ಜನರಿಗೆ ಕೊನೆಯ ಪಾಠವೂ ಅದೇ. ಮೂವತ್ತು ವರ್ಷ ಈ ನೆಲದಲ್ಲಿದ್ದು ಆಜ್ಞಾರ್ಥಕದ ಹೊರತು ಬೇರೇನೂ ಬಾರದೆ ಊರಿಗೆ ಮರಳಿದವರಿದ್ದಾರೆ. ಅವರಿಗೆ ಪದಸಂಪತ್ತು ಕಡಿಮೆ ಇತ್ತು ಎನ್ನಲಾಗದು. ಕ್ರಿಯಾಪದಕ್ಕೆ ಒಂದೇ ಬಾಲವಿತ್ತು, ಅಷ್ಟೆ.

ಟೇಲರ್ ಆ ದಾರಿ ಹಿಡಿಯಲಿಲ್ಲ. ಹಿಂದುಸ್ತಾನಿ ಕಲಿತರು, ಪಾರಸಿ ಕಲಿತರು, ಆ ಪ್ರದೇಶದ ರೈತರ ಮಾತಾದ ಮರಾಠಿಯನ್ನೂ ಕಲಿತರು. ಆತ್ಮಕಥೆಯಲ್ಲಿ ತಮ್ಮ ಭಾಷಾಕಲಿಕೆಯನ್ನು ನೆನೆಯುವಾಗ ಅವರು ಒಂದು ಮಾತಿನ ಮೇಲೆ ಒತ್ತು ಹಾಕುತ್ತಾರೆ. ಅದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಭಾಷೆಯನ್ನು ಕಲಿಯುವುದಾದರೆ ಮರ್ಯಾದಸ್ಥರು ಆಡುವ ಹಾಗೆಯೇ ಕಲಿಯಬೇಕು, ಅದು ಸ್ವಲ್ಪ ಕಷ್ಟ, ಆದರೆ ಆ ಕಷ್ಟಕ್ಕೆ ಬೆಲೆಯಿದೆ, ಒಬ್ಬೊಬ್ಬರನ್ನು ಕರೆಯಲು ಒಂದೊಂದು ರೀತಿಯಿದೆ, ಅದನ್ನು ಅರಿಯದ ನಮ್ಮವರು ಊರಿನ ಗೃಹಸ್ಥರೊಂದಿಗೆ ಆಳಿನೊಂದಿಗೆ ಆಡುವಂತೆ ಮಾತನಾಡಿ, ತಮಗೆ ಗೊತ್ತಿಲ್ಲದೆಯೇ ಅವಮಾನ ಮಾಡುತ್ತಾರೆ. ಸೈನ್ಯದ ಒಬ್ಬ ಎಳೆಯ ಅಧಿಕಾರಿ ಇದನ್ನು ಗಮನಿಸಿದನೆಂಬುದು ನನಗೆ ಈ ಜೀವನಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಘಟನೆ. ಯುದ್ಧವಲ್ಲ, ಕಾದಂಬರಿಯಲ್ಲ.

ಪ್ರಶಿಕ್ಷಣಾರ್ಥಿಗಳಿಗೆ ಇದು ಅಷ್ಟು ಬೇಗ ಹತ್ತುವುದಿಲ್ಲ. ಕನ್ನಡ ಅವರ ಸ್ವಂತ ಭಾಷೆ. ಕೊಡು, ಕೊಡ್ರಿ ಎಂಬ ವ್ಯತ್ಯಾಸ ಅವರಿಗೆ ಉಸಿರಿನಷ್ಟು ಸಹಜ. ಸಹಜವಾದದ್ದನ್ನು ಕಲಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಆದ್ದರಿಂದ ಪಾಠಾಭ್ಯಾಸದ ಹಿಂದಿನ ವಾರ ನಾನು ಅವರಿಗೆ ಇಪ್ಪತ್ತು ನಿಮಿಷ ಬ್ರೆಟನ್ ಭಾಷೆ ಕಲಿಸುತ್ತೇನೆ. ಯಾರಿಗೂ ಒಂದಕ್ಷರವೂ ತಿಳಿಯದ ಭಾಷೆಯಲ್ಲಿ ಒಂದು ಪಾಠ ನಡೆಸಿ ಶಿಕ್ಷಕರನ್ನು ಮಕ್ಕಳ ಜಾಗದಲ್ಲಿ ಕೂರಿಸುವುದು ಭಾಷಾಶಿಕ್ಷಕರ ತರಬೇತಿಯಲ್ಲಿ ಹಳೆಯ ಉಪಾಯ. ಬ್ರೆಟನ್ ಎಂದರೆ ಫ್ರಾನ್ಸಿನ ಪಶ್ಚಿಮ ತುದಿಯಲ್ಲಿರುವ ಬ್ರಿಟನಿ ಪ್ರಾಂತದ ಹಳೆಯ ಮಾತು. ಫ್ರೆಂಚಿಗೂ ಅದಕ್ಕೂ ಹತ್ತಿರದ ನಂಟಿಲ್ಲ. ಸಮುದ್ರದಾಚೆಯ ವೇಲ್ಸ್ ಭಾಷೆಗೆ ಅದು ತಂಗಿ. ನಮ್ಮಲ್ಲಿ ಯಾರಿಗೂ ಅದರ ಪೂರ್ವಜ್ಞಾನ ಇರುವುದಿಲ್ಲ ಎಂಬುದೇ ಅದರ ಉಪಯೋಗ. ವಿಷಯ ಬಹಳ ಸಾದಾ: ಹೋಟೆಲಿನಲ್ಲಿ ಕುಡಿಯಲು ಕೇಳುವುದು.

ನೀರಿಗೆ ಅವರು ದೂರ್ ಎನ್ನುತ್ತಾರೆ. ಹಾಲಿಗೆ ಲೇಸ್ ಎಂಬುದಕ್ಕೆ ಹತ್ತಿರದ ಒಂದು ಪದ. ತರಗತಿ ನಗುತ್ತದೆ: ನೀರು ಕೇಳಿದರೆ ದೂರು, ಹಾಲು ಕೇಳಿದರೆ ಲೇಸು. ನಗಲಿ, ಪದ ನೆನಪಿನಲ್ಲಿ ಉಳಿಯುತ್ತದೆ. ಕಾಫಿ ಕಾಫೆ, ಚಹಾ ತೇ, ಸೇಬಿನ ಮದ್ಯ ಸಿಸ್ಟ್ರ್. ಒಂದು ಗುಟುಕು ನೀರು ಬೇಕಾದರೆ ಉರ್ ಬನ್ನೆ ದೂರ್. ಕೊನೆಗೆ ದಯವಿಟ್ಟು ಎನ್ನಲು ಮಾರ್ ಪ್ಲೀಶ್. ಹತ್ತು ನಿಮಿಷದಲ್ಲಿ ಎಲ್ಲರಿಗೂ ಬಾಯಿಪಾಠ. ಆಮೇಲೆ ನಾನು ಹೋಟೆಲಿನವನಾಗಿ ನಿಲ್ಲುತ್ತೇನೆ, ಒಬ್ಬೊಬ್ಬರಾಗಿ ಬಂದು ಕೇಳಬೇಕು. ಆಗ ಆಗುವುದು ನೋಡುವಂಥದ್ದು. ಪದ ಗೊತ್ತಿದ್ದವರೂ ತಡವರಿಸುತ್ತಾರೆ. ಏಕೆಂದರೆ ಎದುರಿಗಿರುವವನನ್ನು ನೀನು ಎನ್ನಬೇಕೋ ನೀವು ಎನ್ನಬೇಕೋ ಅವರಿಗೆ ಹೇಳಿಕೊಟ್ಟಿಲ್ಲ. ಬ್ರೆಟನ್‌ನಲ್ಲಿ ನೀನು ಎಂಬುದಕ್ಕೂ ತೇ ಎಂದೇ ಹೇಳುತ್ತಾರೆ, ಚಹಾದ ಹಾಗೆಯೇ. ನೀವು ಎಂಬುದಕ್ಕೆ ಹ್ವಿ. ಅಲ್ಲಿನ ಕೆಲವು ಸೀಮೆಗಳಲ್ಲಿ ತೇ ಎಂಬ ಏಕವಚನ ಬಳಕೆಯಲ್ಲೇ ಇಲ್ಲ. ದೊಡ್ಡವರಿಗೂ ಮಕ್ಕಳಿಗೂ ಹ್ವಿ ಒಂದೇ. ಈ ಸಂಗತಿಗೆ ಮುಂದೆ ಮರಳುತ್ತೇನೆ.

ಬ್ರೆಟನ್ ಮಾತಿನವರ ಬಗ್ಗೆ ಇನ್ನೊಂದು ಕಥೆಯೂ ಇದೆ. ಫ್ರೆಂಚಿನಲ್ಲಿ ಅರ್ಥವಾಗದ ಗೊಜ್ಜಲು ಮಾತಿಗೆ ಬರಗ್ವಾಂ ಎಂಬ ಪದವಿದೆ. ಬ್ರೆಟನ್‌ನಲ್ಲಿ ಬರಾ ಎಂದರೆ ರೊಟ್ಟಿ, ಗ್ವೀನ್ ಎಂದರೆ ದ್ರಾಕ್ಷಿಯ ಮದ್ಯ. ಪರದೇಶದ ಛತ್ರಗಳಲ್ಲಿ ಬ್ರೆಟನ್ ಪ್ರಯಾಣಿಕರು ತಿನ್ನಲು ಕುಡಿಯಲು ಕೇಳಿದ್ದನ್ನೇ ಫ್ರೆಂಚರು ಗೊಜ್ಜಲೆಂದು ಹಾಸ್ಯ ಮಾಡಿ ಆ ಪದ ಹುಟ್ಟಿಸಿದರೆಂದು ಹಳೆಯ ವ್ಯುತ್ಪತ್ತಿ ಹೇಳುತ್ತದೆ. ವಿದ್ವಾಂಸರಲ್ಲಿ ಇದನ್ನು ಒಪ್ಪದವರೂ ಇದ್ದಾರೆ. ವ್ಯುತ್ಪತ್ತಿಗಿಂತ ಗಟ್ಟಿಯಾದ ಸಂಗತಿ ಶಾಲೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಬ್ರಿಟನಿಯ ಎಷ್ಟೋ ಶಾಲೆಗಳಲ್ಲಿ ಬ್ರೆಟನ್ ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ತುಂಡನ್ನೋ ಹಳೆಯ ಮರದ ಚಪ್ಪಲಿಯನ್ನೋ ಕಟ್ಟುತ್ತಿದ್ದರು. ಇನ್ನೊಬ್ಬ ಮಗು ಸಿಕ್ಕುವವರೆಗೆ ಅದು ಕೊರಳಲ್ಲೇ ಇರಬೇಕು. ಮನೆಯ ಮಾತಿನಲ್ಲಿ ನೀರು ಕೇಳಿದ್ದಕ್ಕೂ ಅದೇ ಶಿಕ್ಷೆ. ನಮ್ಮ ತರಗತಿಗಳಲ್ಲಿ ಕೊರಳಿಗೆ ಏನೂ ಕಟ್ಟುವುದಿಲ್ಲ. ಪಾಣಿ ಎಂದ ಮಗುವಿನ ಕಡೆ ತಿರುಗಿ ಇಡೀ ತರಗತಿ ನಕ್ಕರೆ ಸಾಕಾಗುತ್ತದೆ.

ಟೇಲರ್ ಅವರಿಗೆ ಮರಳೋಣ. ಭಾಷೆ ಬಂದದ್ದರಿಂದಲೇ ಅವರ ದಾರಿ ತಿರುಗಿತು. ಇಪ್ಪತ್ತು ತುಂಬುವ ಮೊದಲೇ ಸೈನ್ಯದ ಕವಾಯತಿನಿಂದ ಬಜಾರು ಮತ್ತು ಪೊಲೀಸ್ ಆಡಳಿತದ ಕೆಲಸಕ್ಕೆ ಬಂದರು. ಜಗಳ ತೀರಿಸುವುದು, ಕಳ್ಳರನ್ನು ಹಿಡಿಯುವುದು, ಧಾನ್ಯದ ಅಳತೆ ನೋಡುವುದು, ಹೀಗೆ ದಿನವಿಡೀ ಜನರ ಬಾಯಿಂದ ಮಾತು ಕೇಳುವ ಉದ್ಯೋಗ. ಭೂಮಾಪನ, ಕಟ್ಟಡ, ಕಾನೂನು, ಸಸ್ಯಶಾಸ್ತ್ರ, ಭೂವಿಜ್ಞಾನವನ್ನೂ ಅವರು ತಾವಾಗಿಯೇ ಓದಿ ಕಲಿತರು. ಶಾಲೆ ಅರ್ಧಕ್ಕೇ ಬಿಟ್ಟ ಹುಡುಗನ ಓದು ಇದು. ಡಿ.ಇಡಿ. ಮುಗಿಸಿದೊಡನೆ ಪುಸ್ತಕ ಕಟ್ಟಿಡುವ ನಮ್ಮವರಿಗೆ ಈ ಭಾಗವನ್ನು ನಾನು ಸ್ವಲ್ಪ ನಿಧಾನವಾಗಿ ಓದಿ ಹೇಳುತ್ತೇನೆ.

ಆ ಕೆಲಸದಲ್ಲೇ ಅವರಿಗೆ ಠಗ್ಗರ ಸುಳಿವು ಸಿಕ್ಕಿತ್ತು. ತನಿಖೆ ಕೈಗೆ ಬರುವ ಮೊದಲೇ ಪಡೆಗೆ ವಾಪಸು ಕರೆಸಿಕೊಂಡರು. ಕೀರ್ತಿ ವಿಲಿಯಂ ಸ್ಲೀಮನ್ ಅವರಿಗೆ ಹೋಯಿತು. ಸ್ಲೀಮನ್ 1836ರಲ್ಲಿ ಠಗ್ಗರ ಗುಪ್ತಭಾಷೆಯ ಪದಕೋಶವನ್ನೇ ಅಚ್ಚು ಹಾಕಿಸಿದರು. ಟೇಲರ್ 1839ರಲ್ಲಿ ಅದೇ ಲೋಕದ ಮೇಲೆ ಕಾದಂಬರಿ ಬರೆದು, ಇಂಗ್ಲೆಂಡಿನಲ್ಲಿ ಒಂದೇ ಸಲಕ್ಕೆ ಪ್ರಸಿದ್ಧರಾದರು. ದಾರಿಹೋಕರ ಜೊತೆ ಸ್ನೇಹ ಬೆಳೆಸಿ, ಕೂತು ಉಂಡು ಕುಡಿದು, ನಂಬಿಕೆ ಬಂದ ಮೇಲೆ ಕೊರಳಿಗೆ ವಸ್ತ್ರ ಬಿಗಿಯುತ್ತಿದ್ದ ಆ ತಂಡಗಳಲ್ಲಿ ನಾಯಕನ ಸಂಕೇತವಾಗಿ ಬಳಕೆಯಾಗುತ್ತಿದ್ದ ಮಾತುಗಳಲ್ಲೊಂದು ತಂಬಾಕು ತಾ ಎಂಬುದು. ಆತಿಥ್ಯದ ಅತ್ಯಂತ ಸಾಮಾನ್ಯ ವಾಕ್ಯ. ಪದಕೋಶದಲ್ಲಿ ನೋಡಿದರೆ ತಂಬಾಕಿಗೆ ತಂಬಾಕೆಂದೇ ಅರ್ಥ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎಂಬುದರಲ್ಲಿ ಒಬ್ಬನ ಜೀವ ಇತ್ತು. ಪದ ಒಂದೇ ಭಾಷೆಯಲ್ಲ ಎಂಬುದಕ್ಕೆ ಇದಕ್ಕಿಂತ ಕಠೋರ ಉದಾಹರಣೆ ನನಗೆ ಸಿಕ್ಕಿಲ್ಲ. ಆದರೆ ಮೂರನೆಯ ತರಗತಿಗೆ ಇದನ್ನು ಯಾರೂ ಹೇಳಬೇಡಿ.

1841ರಲ್ಲಿ ಟೇಲರ್ ಸುರಪುರಕ್ಕೆ ಬಂದರು. ಅವರ ಬರಹದಲ್ಲಿ ಅದು ಶೋರಾಪುರ, ನಮ್ಮ ವನದುರ್ಗ ವೊಂಡ್ರೂಗ್, ಬೇಡರು ಬೇಡುರ್. ಕಿವಿಗೆ ಬಿದ್ದದ್ದನ್ನು ಇಂಗ್ಲಿಷ್ ಅಕ್ಷರಗಳಿಗೆ ಹೊಂದಿಸಿದ ಬಗೆ ಇದು. ಉಕ್ತಲೇಖನ ತಿದ್ದುವವರು ಇದನ್ನು ನೋಡಿ ಸ್ವಲ್ಪ ಉದಾರಿಗಳಾಗಬಹುದು. ಸುರಪುರ ಆಗ ನಿಜಾಮರಿಗೆ ಕಪ್ಪ ಕೊಡುತ್ತಿದ್ದ ಬೇಡ ನಾಯಕರ ಸಂಸ್ಥಾನ. ಬಾಕಿ ಏರಿತ್ತು, ಅರಮನೆಯಲ್ಲಿ ಜಗಳವಿತ್ತು. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಏಳೆಂಟು ವರ್ಷದ ಹುಡುಗ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಚಿಕ್ಕಪ್ಪ ಪಿಡ್ಡ ನಾಯಕರು ಇನ್ನೊಂದು ಕಡೆ. ನಡುವೆ ಟೇಲರ್. ಹುಡುಗ ವಯಸ್ಸಿಗೆ ಬರುವವರೆಗೆ, 1853ರ ತನಕ, ಸಂಸ್ಥಾನದ ಆಡಳಿತ ಅವರ ಕೈಯಲ್ಲೇ ಇತ್ತು.

ಆ ಹನ್ನೆರಡು ವರ್ಷಗಳಲ್ಲಿ ಮಾಡಿದ ಕೆಲಸದ ಪಟ್ಟಿ ಉದ್ದವಿದೆ. ಕಂದಾಯದ ಲೆಕ್ಕ ನೇರ ಮಾಡಿದರು, ಸಾಲ ಇಳಿಸಿದರು, ದಾರಿ ಮಾಡಿಸಿದರು, ಬೋನಾಳದ ಕೆರೆಯನ್ನು ಬಲಪಡಿಸಿದರು, ಗುಡ್ಡದ ಮೇಲೆ ತಮಗೊಂದು ಮನೆ ಕಟ್ಟಿಸಿಕೊಂಡರು. ಶಹಾಪುರದ ಹತ್ತಿರದ ಸಾಲುಗಲ್ಲುಗಳನ್ನೂ ರಾಜನಕೋಳೂರಿನ ಕಲ್ಲಿನ ಸಮಾಧಿಗಳನ್ನೂ ಅಳೆದು, ಚಿತ್ರ ಬರೆದು, ಮುಂಬಯಿಯ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದರ ನಡುವೆ, 1844ರಲ್ಲಿ, ಹೈದರಾಬಾದಿನ ಪ್ರಸಿದ್ಧ ಬ್ಯಾಂಕರ್ ವಿಲಿಯಂ ಪಾಮರ್ ಅವರ ಮಗಳಾದ ಅವರ ಪತ್ನಿ ಮೇರಿ ತೀರಿಕೊಂಡರು. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಈ ಪಟ್ಟಿಯಿಂದ ಬೇಕಾದಷ್ಟು ಪಾಠ ಮಾಡಬಹುದು. ನಾನು ಇಲ್ಲಿ ಬೆಳೆಸುವುದಿಲ್ಲ.

ಆಗಿನ ಸುರಪುರದಲ್ಲಿ ಮಾತುಗಳ ಮೆಟ್ಟಿಲೇ ಇತ್ತು. ಹೈದರಾಬಾದಿನ ಆಡಳಿತದ ಕಾಗದ ಪಾರಸಿಯಲ್ಲಿ, ಸಾಹೇಬರ ಮನೆಯಲ್ಲಿ ಇಂಗ್ಲಿಷ್, ಬಜಾರಿನಲ್ಲಿ ದಖನಿ, ಹೊಲದಲ್ಲೂ ಒಲೆಯ ಮುಂದೆಯೂ ಕನ್ನಡ. ಒಬ್ಬ ಮನುಷ್ಯ ನೀರು ಕೇಳಬೇಕಾದರೂ ಮೊದಲು ತಾನು ಯಾವ ಮೆಟ್ಟಿಲ ಮೇಲಿದ್ದೇನೆಂದು ನೋಡಿಕೊಳ್ಳಬೇಕು. ಇದು ಈಗಲೂ ಪೂರ್ತಿ ಹೋಗಿಲ್ಲ. ಪ್ರಶಿಕ್ಷಣಾರ್ಥಿಗಳಿಗೆ ನಾನು ಒಂದು ಚಿಕ್ಕ ಕೆಲಸ ಕೊಡುತ್ತೇನೆ: ಊರೊಳಗೆ ಹೋಗಿ ನೀರು ಕೇಳುವ ವಾಕ್ಯಗಳನ್ನು ಕೂಡಿಸಿಕೊಂಡು ಬನ್ನಿ. ಅವರು ತರುವ ಪಟ್ಟಿ ಚೆನ್ನಾಗಿರುತ್ತದೆ. ತಾಯಿಗೆ, ಯವ್ವಾ ನೀರ ಕೊಡ. ಪಕ್ಕದ ಮನೆಯ ಹಿರಿಯ ಹೆಂಗಸಿಗೆ, ಒಂಚೂರು ನೀರ ಕೊಡಬೇ ಯಕ್ಕಾ. ಹೊಸಬರ ಮನೆಯ ಬಾಗಿಲಲ್ಲಿ, ಕುಡ್ಯಾಕ ನೀರ ಕೊಡ್ರೆವ್ವಾ. ಹೋಟೆಲಿನಲ್ಲಿ, ಎಲ್ಡ್ ಚಾ ಕೊಡ್ರಿ. ಶಾಲೆಯಲ್ಲಿ ಮಾತ್ರ ಯಾರೂ ನೀರು ಕೊಡಿ ಎನ್ನುವುದಿಲ್ಲ, ಗಮನಿಸಿ: ಸರ್, ನೀರ ಕುಡ್ದ್ ಬರ್ಲೇನ್ರಿ ಎನ್ನುತ್ತಾರೆ. ಅಲ್ಲಿ ಕೇಳುವುದು ನೀರನ್ನಲ್ಲ, ಅಪ್ಪಣೆಯನ್ನು. ತಾಂಡಾದ ಆ ಹುಡುಗಿಗೆ ಬೇಕಾಗಿದ್ದದ್ದು ಈ ಒಂದು ವಾಕ್ಯ. ಆರು ಚಿತ್ರಪಟ್ಟಿಗಳಲ್ಲಿ ಅದು ಇರಲಿಲ್ಲ.

ಪಟ್ಟಿಯ ಕೆಳಗೆ ಇನ್ನೊಂದು ಸಾಲು ಇರುತ್ತದೆ. ಕೆಲವರು ಅದನ್ನು ಬರೆಯುತ್ತಾರೆ, ಕೆಲವರು ಬಿಡುತ್ತಾರೆ. ಕೆಲವು ಕೇರಿಗಳ ಹಿರಿಯರು ನೆನಪು ಮಾಡಿಕೊಳ್ಳುವುದು: ದೂರ ನಿಂತು, ದನಿ ತಗ್ಗಿಸಿ, ಎಪ್ಪಾ ಎವ್ವಾ ಎಂದು ಕೇಳಬೇಕಿತ್ತು, ತಂಬಿಗೆ ಕೈಗೆ ಬರುತ್ತಿರಲಿಲ್ಲ, ಬೊಗಸೆಗೆ ಮೇಲಿಂದ ನೀರು ಬೀಳುತ್ತಿತ್ತು. ಅದೂ ಒಂದು ವಿನಯದ ವಾಕ್ಯವೇ, ವ್ಯಾಕರಣದಲ್ಲಿ ಎಲ್ಲವೂ ಸರಿ. ಇಲ್ಲಿ ನನಗೆ ಟೇಲರ್ ಅವರ ಬೋಧೆ ಸಾಲದೆನಿಸುತ್ತದೆ. ಯಾರ್ಯಾರನ್ನು ಹೇಗೆ ಕರೆಯಬೇಕೆಂದು ತಿಳಿಯಬೇಕು ಎಂಬುದು ಸರಿ. ಆದರೆ ಅವರು ಕಲಿತದ್ದು ಅಂತಸ್ತಿನ ನಕ್ಷೆ. ಗೃಹಸ್ಥನಿಗೆ ಗೃಹಸ್ಥನ ಮಾತು, ಆಳಿಗೆ ಆಳಿನ ಮಾತು ಉಳಿದೇ ಇತ್ತು. 1840ರ ದಶಕದ ಅಧಿಕಾರಿಗೆ ಅದು ದೊಡ್ಡ ಹೆಜ್ಜೆ. ನಮ್ಮ ತರಗತಿಗೆ ಅಷ್ಟು ಸಾಲದು. ನಾನು ಪ್ರಶಿಕ್ಷಣಾರ್ಥಿಗಳಿಗೆ ಹೇಳುವುದು ಬ್ರಿಟನಿಯ ಆ ಸೀಮೆಗಳ ದಾರಿ: ತರಗತಿಯೊಳಗೆ ಎಲ್ಲರಿಗೂ ರೀ. ಮಗು ನಿಮಗೆ ಕೊಡ್ರಿ ಎನ್ನಬೇಕಾದರೆ ನೀವೂ ಮಗುವಿಗೆ ತಗೋರಿ ಎನ್ನಿ. ಮಕ್ಕಳು ಮೊದಲ ದಿನ ನಗುತ್ತಾರೆ. ನಾಲ್ಕನೆಯ ದಿನಕ್ಕೆ ಒಬ್ಬರಿಗೊಬ್ಬರು ರೀ ಹಚ್ಚಿ ಆಟವಾಡುತ್ತಾರೆ. ನೀರಿನ ಕೊಡದ ಹತ್ತಿರ ಸಾಲಿನಲ್ಲಿ ನಿಂತು ಹುಡುಗನೊಬ್ಬ ತನಗಿಂತ ಚಿಕ್ಕವಳಿಗೆ ನೀವು ಮೊದಲು ಕುಡೀರಿ ಎಂದದ್ದನ್ನು ಒಬ್ಬ ಪ್ರಶಿಕ್ಷಣಾರ್ಥಿ ತನ್ನ ದಿನಚರಿಯಲ್ಲಿ ಬರೆದಿದ್ದಾರೆ. ಇದಕ್ಕೆ ಆಕ್ಷೇಪ ಎತ್ತಿದ ಅನುಭವಿ ಶಿಕ್ಷಕರೂ ಇದ್ದಾರೆ. ಮಗುವಿಗೆ ಬಹುವಚನ ಹಚ್ಚಿದರೆ ಸಲಿಗೆ ಹೋಗುತ್ತದೆ, ನಮ್ಮ ಕಡೆಯ ಅಪ್ಪಿ, ತಂಗಿ ಎಂಬ ಮಾತಿನ ಬೆಚ್ಚಗೆ ಎಲ್ಲಿ ಸಿಗಬೇಕು ಎನ್ನುತ್ತಾರೆ. ಅವರ ಮಾತಿನಲ್ಲೂ ತೂಕವಿದೆ. ಅಪ್ಪಿ, ತಗೋರಿ ಎಂದರೆ ಎರಡೂ ಉಳಿಯುತ್ತವೆಂದು ನನ್ನ ಅನುಭವ.

ಸಲಿಗೆಯ ಮಾತಿನ ವಿಷಯ ಬಂದದ್ದರಿಂದ ಬಾಲರಾಜನ ಕಥೆ ಹೇಳಲೇಬೇಕು. ವೆಂಕಟಪ್ಪ ನಾಯಕನ ವಿದ್ಯಾಭ್ಯಾಸ, ನಡೆನುಡಿ ಎರಡರ ಹೊಣೆಯನ್ನೂ ಟೇಲರ್ ಹೊತ್ತಿದ್ದರು. ಹುಡುಗ ಅವರನ್ನು ಅಪ್ಪಾ ಎಂದು ಕರೆಯುತ್ತಿದ್ದ. ಸಂಸ್ಥಾನದ ಅರಸು, ಪರದೇಶದ ಅಧಿಕಾರಿಗೆ ಹೇಳುವ ಮಾತು ಅದಲ್ಲ. ಯಾವ ಸಂಭಾಷಣಾ ಪುಸ್ತಕವೂ ಅದನ್ನು ಕಲಿಸಿರಲಿಲ್ಲ. ಟೇಲರ್ ಕೂಡ ಆ ಹುಡುಗನನ್ನು ಪ್ರೀತಿಸಿದರೆಂಬುದರಲ್ಲಿ ಅನುಮಾನವಿಲ್ಲ, ಆತ್ಮಕಥೆಯ ಆ ಪುಟಗಳನ್ನು ಓದಿದರೆ ತಿಳಿಯುತ್ತದೆ. ಆದರೂ ಆ ಸಂಬಂಧ ಸಮನಾದದ್ದಾಗಿರಲಿಲ್ಲ. ಅಪ್ಪಾ ಎನ್ನುವ ಹುಡುಗನ ರಾಜ್ಯದ ಲೆಕ್ಕವನ್ನು ಆ ಅಪ್ಪ ಕಂಪನಿಯ ರೆಸಿಡೆಂಟರಿಗೆ ಒಪ್ಪಿಸಬೇಕಿತ್ತು.

1853ರಲ್ಲಿ ರಾಜನಿಗೆ ಅಧಿಕಾರ ಒಪ್ಪಿಸಿ ಟೇಲರ್ ನಳದುರ್ಗದ ಜಿಲ್ಲೆಗೆ ಹೋದರು. ಮರಾಠಿ ಸೀಮೆಯ ಜನರ ಬಾಯಲ್ಲಿ ಮೆಡೋಸ್ ಎಂಬ ಹೆಸರು ಮಹಾದೇವ ಬಾಬಾ ಆಯಿತು. ಅಪರಿಚಿತ ಶಬ್ದವನ್ನು ಜನ ತಮ್ಮ ಮನೆಯ ಶಬ್ದವಾಗಿ ಮಾಡಿಕೊಳ್ಳುವ ರೀತಿ ಇದು. ನಮ್ಮ ತರಗತಿ ದೂರ್ ಎಂಬುದನ್ನು ದೂರು ಎಂದು ಹಿಡಿದದ್ದೂ ಅದೇ ರೀತಿ, ಪ್ರೀತಿ ಮಾತ್ರ ಅಷ್ಟಿರಲಿಲ್ಲ. 1857ರಲ್ಲಿ ದಂಗೆ ಹಬ್ಬಿದಾಗ ಅವರನ್ನು ಬೇರಾರಿನ ಬುಲ್ಢಾಣಕ್ಕೆ ಕಳಿಸಿದರು. ಕೈಯಲ್ಲಿ ಸೈನ್ಯವಿರಲಿಲ್ಲ, ಆದರೂ ಆ ಜಿಲ್ಲೆ ಶಾಂತವಾಗಿ ಉಳಿಯಿತು.

ಸುರಪುರ ಉಳಿಯಲಿಲ್ಲ. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ತಿರುಗಿ ನಿಂತ. ಕಾಳಗ ನಡೆಯಿತು, ಪಡೆಗಳು ಬಂದವು, ರಾಜ ಹೈದರಾಬಾದಿಗೆ ತಪ್ಪಿಸಿಕೊಂಡು ಹೋಗಿ ಅಲ್ಲಿ ಸಿಕ್ಕಿಬಿದ್ದ. ಈ ಸೀಮೆಗೆ ಅವನು ಸ್ವಾತಂತ್ರ್ಯ ಹೋರಾಟಗಾರ. ಇಲ್ಲಿನ ಮಕ್ಕಳಿಗೆ ಅವನ ಹೆಸರು ಟೇಲರ್ ಅವರ ಹೆಸರಿಗಿಂತ ಮೊದಲು ಬರುತ್ತದೆ, ಬರಬೇಕಾದದ್ದೇ. ಟೇಲರ್ ಸೆರೆಮನೆಯಲ್ಲಿ ಅವನನ್ನು ಕಂಡರು. ಆಗಲೂ ಅವನು ಅವರನ್ನು ಕರೆದದ್ದು ಅಪ್ಪಾ ಎಂದೇ. ಮರಣದಂಡನೆ ಮೊದಲು ಗಡೀಪಾರಿಗೆ ಇಳಿಯಿತು. ಗವರ್ನರ್ ಜನರಲ್ ಅದನ್ನು ಮತ್ತೂ ಇಳಿಸಿ ಚೆಂ಴ಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದರು. ಅಲ್ಲಿಗೆ ಹೋಗುವ ದಾರಿಯಲ್ಲಿ, ಕಾವಲಿನವರ ಪಿಸ್ತೂಲಿನ ಗುಂಡಿಗೆ ರಾಜ ಸತ್ತ. ತಾನೇ ಹೊಡೆದುಕೊಂಡನೆಂದು ಟೇಲರ್ ಬರೆದಿದ್ದಾರೆ. ಅವನಿಗಾಗ ಇಪ್ಪತ್ತನಾಲ್ಕರ ಆಸುಪಾಸು. ಟೇಲರ್ ಅವರನ್ನೇ ಮತ್ತೆ ಸುರಪುರದ ಆಡಳಿತಕ್ಕೆ ಕಳಿಸಲಾಯಿತು. ಹುಡುಗನನ್ನು ಬೆಳೆಸಿದ ಊರಿಗೆ, ಹುಡುಗ ಅಲ್ಲಿ ಇಲ್ಲದಾಗ ಹೋಗಬೇಕಾಗಿ ಬಂತು.

ಪಾಠಾಭ್ಯಾಸದ ಚರ್ಚೆಯಲ್ಲಿ ಈ ಭಾಗ ಬಂದಾಗ ಪ್ರತಿ ವರ್ಷ ಯಾರಾದರೊಬ್ಬರು ಒಂದೇ ಪ್ರಶ್ನೆ ಕೇಳುತ್ತಾರೆ: ಭಾಷೆಯನ್ನು ಅಷ್ಟು ಚೆನ್ನಾಗಿ, ಅಷ್ಟು ಗೌರವದಿಂದ ಕಲಿತವರಿಂದಲೂ ಇದನ್ನು ತಡೆಯಲಾಗಲಿಲ್ಲವಲ್ಲ, ಮತ್ತೆ ಕಲಿತು ಏನು ಬಂತು? ನಾನು ಉತ್ತರ ಕೊಡಲು ಅವಸರ ಮಾಡುವುದಿಲ್ಲ. ಭಾಷೆ ಕಲಿತದ್ದಕ್ಕೇ ಆ ಹುಡುಗನ ಮಾತು ನಮಗೆ ಇಷ್ಟಾದರೂ ಉಳಿಯಿತು ಎಂದು ಒಬ್ಬರು ಹೇಳಿದ್ದರು. ಆಳುವವನು ಎಷ್ಟು ಸವಿಯಾಗಿ ಮಾತನಾಡಿದರೂ ಆಳುವವನೇ ಎಂದು ಇನ್ನೊಬ್ಬರು. ಎರಡನ್ನೂ ನಾನು ಹಲಗೆಯ ಮೇಲೆ ಬರೆಸಿ ಹಾಗೆಯೇ ಬಿಟ್ಟಿದ್ದೇನೆ.

1860ರಲ್ಲಿ ಸುರಪುರವನ್ನು ನಿಜಾಮರಿಗೆ ಕೊಟ್ಟರು. ಅದೇ ವರ್ಷ ಟೇಲರ್ ನಿವೃತ್ತರಾಗಿ ಮೂವತ್ತಾರು ವರ್ಷಗಳ ನೌಕರಿ ಮುಗಿಸಿ ಮರಳಿದರು. ಐರ್ಲೆಂಡಿನ ಡಬ್ಲಿನ್ ಬಳಿ ನೆಲೆಸಿ ತಾರಾ, ರಾಲ್ಫ್ ಡಾರ್ನೆಲ್, ಸೀತಾ ಎಂಬ ಕಾದಂಬರಿಗಳನ್ನೂ, 1870ರಲ್ಲಿ ವಿದ್ಯಾರ್ಥಿಗಳಿಗಾಗಿ ಇಂಡಿಯಾದ ಇತಿಹಾಸದ ಕೈಪಿಡಿಯನ್ನೂ ಬರೆದರು. ಧಾರವಾಡ ಮತ್ತು ಮೈಸೂರು ಸೀಮೆಯ ದೇವಾಲಯಗಳ ಚಿತ್ರಗಳ ಪುಸ್ತಕಕ್ಕೂ ಅವರ ಬರಹವಿದೆ. ಕೊನೆಗಾಲಕ್ಕೆ ಕಣ್ಣು ಮಂಕಾಯಿತು. ಅಂಥ ಸ್ಥಿತಿಯಲ್ಲೂ 1875ರಲ್ಲಿ, ಹೈದರಾಬಾದಿನ ದಿವಾನ ಸಾಲಾರ್ ಜಂಗ್ ಅವರ ಆಹ್ವಾನದ ಮೇಲೆ ಮತ್ತೊಮ್ಮೆ ಈ ಕಡೆ ಬಂದರು. ಹಿಂತಿರುಗುವ ದಾರಿಯಲ್ಲಿ ಫ್ರಾನ್ಸಿನ ದಕ್ಷಿಣ ತೀರದ ಮಾಂಟೋನ್ ಎಂಬ ಊರಿನಲ್ಲಿ 1876ರ ಮೇ 13ರಂದು ತೀರಿಕೊಂಡರು. ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಪ್ರಕಟಿಸಿದರು.

ಈ ವರ್ಷ ವನದುರ್ಗಕ್ಕೆ ಹೊರಟಿರುವ ತಂಡದವರು ಆರು ಚಿತ್ರಪಟ್ಟಿಗಳನ್ನು ಈಗಾಗಲೇ ಮಾಡಿದ್ದಾರೆ. ಏಳನೆಯ ಪಟ್ಟಿಯಲ್ಲಿ ಚಿತ್ರವಿಲ್ಲ. ನೀರ ಕುಡ್ದ್ ಬರ್ಲೇನ್ರಿ ಎಂದು ಬರೆದು, ಅದರ ಕೆಳಗೆ ಲಂಬಾಣಿ ಮತ್ತು ಉರ್ದು ಸಾಲಿಗೆ ಜಾಗ ಖಾಲಿ ಬಿಟ್ಟಿದ್ದಾರೆ, ಮಕ್ಕಳೇ ಹೇಳಿ ತುಂಬಿಸಲೆಂದು.